ಗಡಿನಾಡಿನ ದಾರಿಯಲ್ಲೊಂದು ಕೆಂಪು ಗೆರೆ



ಕಳೆದ ಮಳೆಗಾಲದ ಒಂದು ರಾತ್ರಿ. ಕಾಸರಗೋಡಿನ ಎಣ್ಮಕಜೆ ಕಡೆಯ ಮನೆಯೊಂದರಲ್ಲಿ ಅಜ್ಜಿಯೊಬ್ಬರು ಊಟಕ್ಕೆ ಕುಳಿತಲ್ಲೇ ಒಂದು ಬದಿಗೆ ವಾಲಿದರು. ಮಾತು ತೊದಲಿತು, ಬಲಗೈಯ ತುತ್ತು ಬಟ್ಟಲಿಗೇ ಜಾರಿತು. ಪಾರ್ಶ್ವವಾಯು ಎಂದು ತಿಳಿಯಲು ವೈದ್ಯರೇ ಬೇಕಾಗಿರಲಿಲ್ಲ. ಮಗ ಆಂಬುಲೆನ್ಸಿಗೆ ಫೋನ್ ಮಾಡಿ ಊರಿನ ಹೆಸರು ಹೇಳಿದರು. ಚಾಲಕರು ಆ ಹೆಸರನ್ನು ತಮ್ಮ ಮೊಬೈಲಿನಲ್ಲಿ ಹುಡುಕಿ, ಅದು ತೋರಿಸಿದ ದಾರಿಯಲ್ಲಿ ಆ ಮಳೆಯಲ್ಲೂ ವೇಗವಾಗಿಯೇ ಬಂದರು. ಆದರೆ ಬಂದು ನಿಂತದ್ದು ಅದೇ ಹೆಸರಿನ ಇನ್ನೊಂದು ಜಾಗದಲ್ಲಿ, ಬೈಲಿನ ಆಚೆಯ ಗುಡ್ಡದ ಮೇಲೆ. ಈಚೆಯಿಂದ ಟಾರ್ಚ್ ಬೀಸಿದರೆ ಆಚೆಗೆ ಕಾಣುತ್ತದೆ. ನಡುವೆ ತೋಡು ತುಂಬಿ ಹರಿಯುತ್ತಿತ್ತು. ಸುತ್ತು ಬಳಸಿ ಈಚೆಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು.

ಅಜ್ಜಿ ಬದುಕಿದ್ದಾರೆ. ಬಲಗೈ ಮಾತ್ರ ಇನ್ನೂ ಮಡಿಲಲ್ಲೇ ಇರುತ್ತದೆ. ಮಿದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಅದರಲ್ಲೂ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು ಎನ್ನುತ್ತಾರೆ ವೈದ್ಯರು. ಆ ಮುಕ್ಕಾಲು ಗಂಟೆ ಕೈಗೆ ಸಿಕ್ಕಿದ್ದರೆ ಅಜ್ಜಿಯ ಕೈ ಉಳಿಯುತ್ತಿತ್ತೇ ಎಂದು ಯಾರೂ ಹೇಳಲಾರರು. ಮನೆ ಭೇಟಿಗೆ ಹೋದಾಗ ಮಗ ನಮ್ಮನ್ನು ಕೇಳಿದ್ದೂ ಅದನ್ನಲ್ಲ. ಅವರು ಕೇಳಿದ್ದು ಹೀಗೆ: “ಫಾದರ್, ಆ ಮ್ಯಾಪಿನಲ್ಲಿ ನಮ್ಮ ಮೂಲೆ ಇಲ್ವಾ? ಅದರಲ್ಲಿ ಊರು ಹಾಕುವುದು ಯಾರು?”

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ, ದೇವಶಾಸ್ತ್ರ ಎಂದು ಹಲವು ವರ್ಷ ಓದಿದ ನಮಗೆ ಈ ಸರಳ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಹೇಳಿದ್ದು ನಮ್ಮ ಧರ್ಮಕೇಂದ್ರದ ಒಬ್ಬ ಯುವಕ. ವೈರಿಂಗ್ ಕೆಲಸದವನು, ಬೈಕಿನಲ್ಲಿ ಊರೂರು ಸುತ್ತುವವನು. “ಯಾರು ಬೇಕಾದರೂ ಹಾಕಬಹುದು ಫಾದರ್. ನಾವೇ ಹಾಕುವ,” ಎಂದ. ಹಾಗೆ ಹೊರಟಿತು ನಮ್ಮ ಪ್ರವಾಸ. ಪ್ರವಾಸ ಎಂದೊಡನೆ ವೇಲಾಂಕಣಿಯೋ ಗೋವೆಯೋ ನೆನಪಾಗುವ ಓದುಗರು ಕ್ಷಮಿಸಬೇಕು. ನಾವು ಹೋದದ್ದು ಮಂಜೇಶ್ವರದಿಂದ ಪೆರ್ಲದ ಆಚೆಗಿನ ಸ್ವರ್ಗದವರೆಗೆ. ಸ್ವರ್ಗ ಎಂಬುದು ಎಣ್ಮಕಜೆ ಪಂಚಾಯತಿನ ಒಂದು ಊರಿನ ಹೆಸರು. ಬೈಕಿನಲ್ಲಿ ಹೋಗಿ ಅದೇ ದಿನ ವಾಪಸು ಬರಬಹುದು!

ಮೊದಲು ಈ ಫೋನಿನ ವಿದ್ಯೆಯ ಬಗ್ಗೆ ಎರಡು ಮಾತು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಅವು ಪ್ರತಿಕ್ಷಣ ಸಮಯವನ್ನು ಸಾರುತ್ತವೆ, ನಮ್ಮ ಫೋನು ಕೇವಲ ಕೇಳಿಸಿಕೊಳ್ಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿಸಿದರೆ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಕೇಳುವುದಕ್ಕೆ ಹಣವಿಲ್ಲ, ಸಿಮ್ ಬೇಕಿಲ್ಲ, ಟವರ್ ಬೇಕಿಲ್ಲ. ಕರೆ ಹೋಗದ ಕಾಡಿನಲ್ಲೂ ಇದು ನಡೆಯುತ್ತದೆ ಎಂಬುದು ನಮ್ಮ ಅನೇಕ ಮನೆಗಳಲ್ಲಿ ಇನ್ನೂ ತಿಳಿಯದ ಸಂಗತಿ. ಬಯಲಿನಲ್ಲಿ ನಿಂತರೆ ಐದು ಮೀಟರ್ ಆಚೀಚೆ ನಿಖರವಾಗಿ ಹೇಳುತ್ತದೆ. ಹಿಂದೆ ಅಮೆರಿಕದ ಸೇನೆ ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡಿತ್ತು. ನೂರು ಮೀಟರಿನಷ್ಟು ತಪ್ಪಾಗುತ್ತಿತ್ತು. ಆ ಮಸುಕನ್ನು ತೆಗೆದದ್ದು 2000ದ ಮೇ ತಿಂಗಳಲ್ಲಿ.

ದಾರಿ ದಾಖಲಿಸುವ ಆ್ಯಪ್ ಒಂದನ್ನು ಹಾಕಿಕೊಂಡರೆ, ಬೈಕ್ ಹೋದಂತೆಲ್ಲ ಫೋನು ಒಂದೊಂದು ಚುಕ್ಕಿ ಇಡುತ್ತಾ ಹೋಗುತ್ತದೆ. ಚುಕ್ಕಿಗಳನ್ನು ಸೇರಿಸಿದರೆ ನಕ್ಷೆಯ ಮೇಲೆ ಒಂದು ಗೆರೆ. ನಮ್ಮದು ಕೆಂಪು ಗೆರೆ. ಮನೆಯಂಗಳದಲ್ಲಿ ರಂಗೋಲಿ ಹಾಕುವವರಿಗೆ ಈ ಕ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಮೊದಲ ಪ್ರಯತ್ನ ಹಾಳಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಪರದೆ ಆರಿದೊಡನೆ ಫೋನು ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಆ್ಯಪನ್ನು ಮಲಗಿಸಿಬಿಟ್ಟಿತು. ಸಂಜೆ ನೋಡಿದರೆ ಹೊಸಂಗಡಿಯಿಂದ ಮೀಯಪದವಿಗೆ ಒಂದೇ ನೇರ ಗೆರೆ, ಗುಡ್ಡ ತೋಟ ಮನೆಗಳ ಮೇಲಿಂದ. “ಫಾದರ್, ಇದು ಕಾಗೆ ಹೋದ ದಾರಿ,” ಎಂದು ಹುಡುಗ ನಕ್ಕ. ಬ್ಯಾಟರಿ ಸೆಟ್ಟಿಂಗಿನಲ್ಲಿ ಆ ಆ್ಯಪಿಗೆ ಮಾತ್ರ ವಿನಾಯಿತಿ ಕೊಟ್ಟ ಮೇಲೆ ಸರಿಯಾಯಿತು. ಇನ್ನೊಂದು ಎಚ್ಚರಿಕೆ. ಫೋನನ್ನು ಹ್ಯಾಂಡಲಿಗೆ ಬಿಗಿದು ಹೋಗುವವರು ಬಹಳ. ಬೈಕಿನ ಎಂಜಿನ್ ನಡುಕದಿಂದ ಫೋನಿನ ಕ್ಯಾಮೆರಾ ಕೆಡಬಹುದು ಎಂದು 2021ರಲ್ಲಿ ಆ್ಯಪಲ್ ಕಂಪೆನಿಯೇ ತನ್ನ ಐಫೋನ್ ಗ್ರಾಹಕರಿಗೆ ತಿಳಿಸಿತ್ತು. ನಾವು ಫೋನನ್ನು ಹಿಂಬದಿ ಸವಾರನ ಅಂಗಿಯ ಜೇಬಿನಲ್ಲಿಟ್ಟೆವು. ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದಂತೆ, ಚಾಲಕರು ಫೋನ್ ಬಳಸಬಹುದು ಎಂದು 2020ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಿಯಮವಿದೆ. ಆದರೆ ದಾರಿ ದಾಖಲಿಸಲು ಫೋನನ್ನು ನೋಡಲೇಬೇಕಾಗಿಲ್ಲ. ಅದು ಜೇಬಿನೊಳಗೇ ಕೆಲಸ ಮಾಡುತ್ತದೆ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಮಂಜೇಶ್ವರದ ಕಣ್ವತೀರ್ಥ ಕಡಲತೀರದಿಂದ ಹೊರಟೆವು. ಗೋವಿಂದ ಪೈಗಳ ಊರಿನಿಂದ ಆರಂಭಿಸೋಣ ಎಂಬ ಆಸೆಯೂ ಇತ್ತು, ಕಡಲಿನಿಂದಲೇ ಎತ್ತರವನ್ನು ಅಳೆಯೋಣ ಎಂಬ ಲೆಕ್ಕವೂ ಇತ್ತು. ಆ್ಯಪ್ ತೆರೆದರೆ ಎತ್ತರ: ಮೈನಸ್ ಎಂಬತ್ತೇಳು ಮೀಟರ್! ಅಂದರೆ ನಾವು ಬೈಕ್ ಸಮೇತ ಸಮುದ್ರದ ಅಡಿಯಲ್ಲಿ! ಫೋನು ಕೆಟ್ಟಿದೆ ಎಂದುಕೊಂಡೆವು. ಕೆಟ್ಟಿರಲಿಲ್ಲ. ಉಪಗ್ರಹಗಳು ಎತ್ತರವನ್ನು ಅಳೆಯುವುದು ಲೆಕ್ಕಕ್ಕಾಗಿ ಕಲ್ಪಿಸಿದ ಒಂದು ನುಣುಪಾದ ಭೂಗೋಳದ ಮೇಲ್ಮೈಯಿಂದ. ನಿಜವಾದ ಸಮುದ್ರ ಹಾಗೆ ನುಣುಪಾಗಿಲ್ಲ. ಹಿಂದೂ ಮಹಾಸಾಗರದ ಈ ಭಾಗದಲ್ಲಿ ಭೂಮಿಯ ಆಕರ್ಷಣೆ ತುಸು ಕಡಿಮೆ ಇರುವುದರಿಂದ ನೀರೇ ತಗ್ಗಿನಲ್ಲಿದೆ. ಶ್ರೀಲಂಕೆಯ ದಕ್ಷಿಣಕ್ಕೆ ನೂರು ಮೀಟರಿಗೂ ಹೆಚ್ಚು. ಕೆಲವು ಆ್ಯಪ್‌ಗಳು ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ, ನಮ್ಮದು ಹಾಗೆ ಮಾಡಿರಲಿಲ್ಲ. ನಮ್ಮ ಕರಾವಳಿಯೇ ಒಂದು ದೊಡ್ಡ ಬಟ್ಟಲಿನ ಒಳಗೋಡೆಯ ಮೇಲಿದೆ ಎಂದು ಆ ಮೈನಸ್ ಅಂಕಿ ನಮಗೆ ಕಲಿಸಿತು. ಹುಡುಗ ಮಾತ್ರ ಒಪ್ಪಲಿಲ್ಲ. “ಹಾಗಾದರೆ ನೀರು ಅತ್ತ ಹರಿದು ಹೋಗುವುದಿಲ್ವಾ?” ಎಂದು ಕೇಳುತ್ತಲೇ ಕಿಕ್ ಹೊಡೆದ. ತಗ್ಗಿದ್ದರೂ ನೀರಿಗೆ ಅದೇ ಸಮತಟ್ಟು, ಮಾರಾಯ, ಎಂದು ಹೇಳಿದ್ದು ಸೈಲೆನ್ಸರಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.

ಹೊಸಂಗಡಿಯಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ತಿರುಗಿದರೆ ವರ್ಕಾಡಿಯ ದಾರಿ. ಹೆದ್ದಾರಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅಗಲವಾದಷ್ಟೂ ಹೆದ್ದಾರಿಗಳೆಲ್ಲ ಒಂದೇ ಥರ ಕಾಣುತ್ತವೆ. ಒಳದಾರಿಯಲ್ಲಿ ಮಾತ್ರ ಊರುಗಳು ತಮ್ಮ ಹೆಸರು ಹೇಳಿಕೊಂಡು ಎದುರು ಬರುತ್ತವೆ. ಮಜೀರ್ಪಳ್ಳ, ಸುಂಕದಕಟ್ಟೆ, ನಂದಾರಪದವು, ಮೀಯಪದವು. ಮುಂದೆ ಧರ್ಮತ್ತಡ್ಕ, ಉಕ್ಕಿನಡ್ಕ, ಬದಿಯಡ್ಕ.

ಈ ಹೆಸರುಗಳ ಬಾಲವನ್ನು ಗಮನಿಸಿ. ತುಳುವರಿಗೆ, ನಮ್ಮ ಕನ್ನಡದವರಿಗೆ ಇವು ಗೊತ್ತಿರುವ ಪದಗಳೇ. ಪದವು ಎಂದರೆ ಎತ್ತರದ ಬಯಲು, ಮುರಕಲ್ಲಿನ ಹಾಸು. ಅಡ್ಕ ಎಂದರೆ ಬೇಸಾಯಕ್ಕೆ ಒಗ್ಗದ ಒಣ ಸಮತಟ್ಟು. ಪಳ್ಳ ನೀರು ನಿಲ್ಲುವ ತಗ್ಗು, ಬೈಲು ಎರಡು ಗುಡ್ಡಗಳ ನಡುವಿನ ಗದ್ದೆ, ಕುಂಜ ಗುಡ್ಡ. ಇದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ, ಆದರೆ ಕಂಡಿರಲಿಲ್ಲ. ಕಂಡದ್ದು ಫೋನಿನಲ್ಲಿ. ಹೋದ ದಾರಿಯ ಏರಿಳಿತವನ್ನು ಆ್ಯಪು ಒಂದು ಚಿತ್ರವಾಗಿ ತೋರಿಸುತ್ತದೆ, ಆಸ್ಪತ್ರೆಯ ಇಸಿಜಿ ಹಾಗೆ. ಅಳತೆ ಶುರುವಾದದ್ದೇ ಸಮುದ್ರದ ಅಡಿಯಿಂದಾದರೂ ಏರು ಎಷ್ಟು, ಇಳಿಜಾರು ಎಷ್ಟು ಎಂಬ ಲೆಕ್ಕ ಹೆಚ್ಚು ಕೆಡುವುದಿಲ್ಲ. ಗೆರೆ ಏರಿ ಏರಿ ಮೇಲೆ ಚಪ್ಪಟೆಯಾದಲ್ಲಿ ಬೆರಳಿಟ್ಟರೆ ಅಲ್ಲೊಂದು ಪದವು. ಕೆಳಗೆ ಕುಸಿದು ಮತ್ತೆ ಏಳುವಲ್ಲಿ ಒಂದು ಬೈಲು. ನಂದಾರಪದವಿಗೆ ಬಂದಾಗ ಚಪ್ಪಟೆ ಗೆರೆ, ಮೀಯಪದವಿನಲ್ಲಿ ಮತ್ತೆ ಚಪ್ಪಟೆ. ಉಪಗ್ರಹವೂ ಇಲ್ಲದ, ನಕ್ಷೆಯೂ ಇಲ್ಲದ ಕಾಲದಲ್ಲಿ ತಲೆಯ ಮೇಲೆ ಹೊರೆ ಹೊತ್ತು ನಡೆದ ನಮ್ಮ ಹಿರಿಯರು ಹತ್ತಿದ ಏರನ್ನೂ ಇಳಿದ ಇಳಿಜಾರನ್ನೂ ಮೊಣಕಾಲಿನಿಂದಲೇ ಅಳೆದು ಹೆಸರಿಟ್ಟಿದ್ದಾರೆ. ಮೀಯಪದವಿನ ಒಂದು ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಆ ಚಿತ್ರವನ್ನು ಅಲ್ಲಿದ್ದವರಿಗೆ ತೋರಿಸಿದೆವು. ಒಬ್ಬರು ಕನ್ನಡಕ ಸರಿಮಾಡಿಕೊಂಡು ನೋಡಿ, “ಇದರಲ್ಲಿ ಎಂತ ಹೊಸತುಂಟು ಮಾರಾಯ್ರೆ? ಅಲ್ಲಿ ಪದವು ಅಂತ ಹೇಳುವುದೇ ಅದಕ್ಕಲ್ವಾ?” ಎಂದರು. ನಾವು ಸುಮ್ಮನೆ ಚಹಾ ಕುಡಿದೆವು.

ನಂದಾರಪದವು ಕೇರಳದ ಮಲೆನಾಡ ಹೆದ್ದಾರಿಯ ಉತ್ತರದ ತುದಿ. ಇಲ್ಲಿಂದ ಹೊರಡುವ ಆ ದಾರಿ ತಿರುವನಂತಪುರ ಜಿಲ್ಲೆಯ ಪಾರಶ್ಶಾಲೆಯವರೆಗೆ ಹೋಗುವಂಥದ್ದು. ಹತ್ತಿರದಲ್ಲೇ ಆಚೆಗೆ ದಕ್ಷಿಣ ಕನ್ನಡ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕೂ ಅದೇ ಜಿಲ್ಲೆಯಲ್ಲಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟದ್ದು, ಅದು ವರದಿಯಾಗಿಯೇ ಉಳಿದದ್ದು ನಿಮಗೆಲ್ಲ ತಿಳಿದದ್ದೇ. ನಾವು ಹೇಳಹೊರಟದ್ದು ಬೇರೆ. ಇಲ್ಲಿ ಬೈಕನ್ನು ಗಡಿಯ ಆಚೆಗೊಮ್ಮೆ ಓಡಿಸಿ ವಾಪಸು ಬಂದೆವು. (ಪೆಟ್ರೋಲ್ ಆಚೆ ಅಗ್ಗ ಎಂಬ ಸಣ್ಣ ಸ್ವಾರ್ಥವೂ ಇತ್ತು.) ಕೆಂಪು ಗೆರೆಯನ್ನು ಹಿಗ್ಗಿಸಿ ನೋಡಿದರೆ ಗಡಿ ಎಲ್ಲಿ ದಾಟಿದೆವು ಎಂಬ ಗುರುತೇ ಅದರಲ್ಲಿಲ್ಲ. ಅದೇ ಚುಕ್ಕಿ, ಅದೇ ಅಂತರ. ದಾರಿಗೆ ಗಡಿ ಗೊತ್ತಿಲ್ಲ.

ಆದರೆ 2020ರ ಮಾರ್ಚಿನಲ್ಲಿ ಗೊತ್ತಾಯಿತು. ಕೊರೋನಾ ಕಾಲದಲ್ಲಿ ಕರ್ನಾಟಕ ಸರಕಾರ ತಲಪಾಡಿಯನ್ನು ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಜೇಶ್ವರದವರಿಗೆ ಆಸ್ಪತ್ರೆ ಎಂದರೆ ಮಂಗಳೂರು. ಡಯಾಲಿಸಿಸ್ ಆಗಲಿ ಹೆರಿಗೆಯಾಗಲಿ ಅಲ್ಲೇ. ಗಡಿ ದಾಟಲಾಗದೆ ಹಲವು ರೋಗಿಗಳು ತೀರಿಕೊಂಡ ಸುದ್ದಿಯನ್ನು ಆಗ ನಾವೆಲ್ಲ ಓದಿದೆವು, ಕೆಲವನ್ನು ಓದಬೇಕಾಗಿಯೂ ಇರಲಿಲ್ಲ. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆರೆಸಬೇಕೆಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ತುರ್ತು ರೋಗಿಗಳನ್ನು ಬಿಡುವ ಒಪ್ಪಂದವಾದದ್ದು ಏಪ್ರಿಲ್ 7ಕ್ಕೆ. ಆ ದಿನಗಳಲ್ಲಿ ಯಾವ ದಾರಿಗೆ ಮಣ್ಣು ಬಿದ್ದಿದೆ, ಯಾವುದು ಬೈಕ್ ಹೋಗುವಷ್ಟಾದರೂ ತೆರೆದಿದೆ ಎಂದು ಜನ ಬಾಯಿಯಿಂದ ಬಾಯಿಗೆ ಹೇಳಿಕೊಳ್ಳುತ್ತಿದ್ದರು. ಅಡಿಕೆ ತೋಟಗಳ ನಡುವಿನ ಆ ದಾರಿಗಳಲ್ಲಿ ಅನೇಕವು ಯಾವ ನಕ್ಷೆಯಲ್ಲೂ ಇರಲಿಲ್ಲ. ನಕ್ಷೆಯಲ್ಲಿ ಇಲ್ಲದ್ದೇ ಒಳ್ಳೆಯದಾಯಿತು ಎಂದವರೂ ಉಂಟು, ಇದ್ದಿದ್ದರೆ ಅವಕ್ಕೂ ಮಣ್ಣು ಬೀಳುತ್ತಿತ್ತು. ಈ ಮಾತನ್ನು ನಾವು ತಳ್ಳಿಹಾಕಲಾರೆವು. ದಾರಿಯನ್ನು ನಕ್ಷೆಗೆ ಹಾಕಿದೊಡನೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಒಳ್ಳೆಯವರ ಕಣ್ಣಿಗೆ ಮಾತ್ರವಲ್ಲ.

ಪೈವಳಿಕೆ ದಾಟಿ ಬಾಯಾರಿನ ಕಡೆ ಹೊರಳಿದ ಮೇಲೆ ಒಬ್ಬ ಅಡಿಕೆ ಬೆಳೆಗಾರರ ಮನೆಗೆ ಹೋದೆವು. ನಮ್ಮ ಹುಡುಗ ಹಿಂದೆ ಅವರ ಮನೆಯ ವೈರಿಂಗ್ ಮಾಡಿದ್ದ. “ಬನ್ನಿ ಬನ್ನಿ, ಆಸರಿಗೆ ಎಂತ ಕುಡಿತೀರಿ?” ಎಂದು ಬೆಲ್ಲ, ನೀರು ತಂದಿಟ್ಟರು. ನೀರಿನ ತಂಪಿಗೆ ಬೆರಗಾಗಿ ಬಾವಿಯದೇ ಎಂದು ಕೇಳಿದರೆ, “ಬಾವಿ ಎಲ್ಲಿಂದ, ಸುರಂಗದ್ದು” ಎಂದರು. ಕಾಸರಗೋಡಿನ ಸುರಂಗಗಳನ್ನು ಕಾಣದವರಿಗೆ ಹೇಳಬೇಕು: ಮುರಕಲ್ಲಿನ ಗುಡ್ಡದ ಬದಿಗೆ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ, ಅಡ್ಡಲಾಗಿ ಕೊರೆದ ಬಿಲದಂಥ ದಾರಿ. ಒಳಗೆ ಕಲ್ಲಿನಿಂದ ಒಸರುವ ನೀರು ಪಂಪಿಲ್ಲದೆ ತಾನಾಗಿ ಹರಿದು ಹೊರಬರುತ್ತದೆ. ಅಗೆಯುವವರು ಮೊಂಬತ್ತಿ ಹಚ್ಚಿಟ್ಟುಕೊಂಡು ಅಗೆಯುತ್ತಿದ್ದರು. ಬತ್ತಿ ಮಂಕಾದರೆ ಗಾಳಿ ಸಾಲದೆಂದು ಹೊರಗೋಡಬೇಕು.

ಯಜಮಾನರೊಂದಿಗೆ ಬಾಗಿಕೊಂಡು ಒಳಗೆ ಹೋದೆವು, ಪಾದ ಮುಳುಗುವ ನೀರು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಫೋನಿನ ಉಪಗ್ರಹಗಳೆಲ್ಲ ಒಂದೊಂದಾಗಿ ಮಾಯ. ಆಮೇಲೆ ಮನೆಗೆ ಬಂದು ಕೆಂಪು ಗೆರೆಯನ್ನು ನೋಡಿದರೆ, ಆ ಜಾಗದಲ್ಲಿ ಅದು ಹುಚ್ಚು ಹಿಡಿದಂತೆ ತೋಟದಾಚೆ ಹಾರಿ, ಪಕ್ಕದ ಗುಡ್ಡ ಹತ್ತಿ, ಮತ್ತೆ ಅಂಗಳಕ್ಕೆ ಬಂದಿದೆ. ಆ ಹೊತ್ತಿನಲ್ಲಿ ನಾವು ಗುಡ್ಡದ ಹೊಟ್ಟೆಯೊಳಗಿದ್ದೆವು. ಆಕಾಶದಿಂದ ತೆಗೆದ ಚಿತ್ರದಲ್ಲೂ ಸುರಂಗ ಕಾಣದು, ಕಾಣುವುದು ಹಸಿರು ಮಾತ್ರ. ಅಗೆಯಲು ಬಲ್ಲವರು ಈಗ ಬೆರಳೆಣಿಕೆಯಷ್ಟು, ಹೆಚ್ಚಿನವರಿಗೆ ಬೋರ್‌ವೆಲ್ ಇದೆ. ಎಲ್ಲಿ ಯಾವ ಸುರಂಗ ಇದೆ ಎಂಬುದು ಕೆಲವೇ ಹಿರಿಯರ ತಲೆಯಲ್ಲಿದೆ. ಯಜಮಾನರ ಅನುಮತಿ ಪಡೆದು ಬಾಯಿಯ ಬಳಿ ಒಂದು ಚುಕ್ಕಿ ಇಟ್ಟುಕೊಂಡೆವು.

ಅಲ್ಲಿಂದ ಒಳದಾರಿ ಹಿಡಿದು ಪೆರ್ಲ, ಪೆರ್ಲದಿಂದ ಸ್ವರ್ಗ. ದಾರಿಯುದ್ದಕ್ಕೂ ಗೇರು ತೋಪುಗಳು. ಪಡ್ರೆ, ವಾಣೀನಗರ, ಸ್ವರ್ಗದ ಹೆಸರುಗಳು ಎಂಡೋಸಲ್ಫಾನ್ ಸುದ್ದಿಯೊಂದಿಗೇ ಹೊರಜಗತ್ತಿಗೆ ತಿಳಿದವು. ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಆ ವಿಷ ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದಿತು. ಹಾಸಿಗೆ ಬಿಟ್ಟೇಳದವರು ಇರುವ ಮನೆಗಳು ಇಲ್ಲಿ ಇಂದಿಗೂ ಇವೆ. ಅಂಥ ಮನೆಗೆ ದಾರಿ ತಪ್ಪದೆ ಒಂದು ಗಾಡಿ ಬರುವುದು ಎಂದರೇನು ಎಂದು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಅಜ್ಜಿಯ ಮನೆಗೆ ತಲುಪಿದಾಗ ಮಧ್ಯಾಹ್ನ. ಬೈಕನ್ನು ಮೇಲಿನ ರಸ್ತೆಯಲ್ಲೇ ನಿಲ್ಲಿಸಿದೆವು, ಏಕೆಂದರೆ ಕೊನೆಯ ಅರ್ಧ ಕಿಲೋಮೀಟರ್ ಮುಖ್ಯ. ಆಂಬುಲೆನ್ಸ್ ಎಲ್ಲಿಯವರೆಗೆ ಬರಬಹುದು, ಎಲ್ಲಿ ತಿರುಗಿಸಬಹುದು, ಎಲ್ಲಿಂದ ಸ್ಟ್ರೆಚರ್ ಹೊತ್ತು ನಡೆಯಬೇಕು. ಮಗ ಮುಂದೆ, ನಾವು ಹಿಂದೆ ನಡೆದೆವು. ಅವರು ಬೆರಳು ತೋರಿಸುತ್ತಾ ಹೋದರು: “ಇಲ್ಲಿ ಎಡಕ್ಕೆ. ಇದು ಹಲಸಿನ ಮರ, ಇದನ್ನು ಕಡಿಯುವುದಿಲ್ಲ. ಇದು ಕಾಲುಸಂಕ.” ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ, ಮಳೆಗಾಲದಲ್ಲಿ ಅದರ ಮೇಲೆ ನೀರು ಹರಿಯುತ್ತದೆ. ಸಂಕದ ಆಚೆಗಿನದ್ದೇ ಆ ಇನ್ನೊಂದು ಮೂಲೆ, ಚಾಲಕರು ಅಂದು ಬಂದು ನಿಂತ ಜಾಗ. ಬಿಸಿಲಿನಲ್ಲಿ ನೋಡಿದರೆ ಎಷ್ಟು ಹತ್ತಿರ!

ಮಗ ಮನೆಯನ್ನೇ ನಕ್ಷೆಗೆ ಹಾಕಿ ಎಂದರು. ನಾವು ಹಿಂಜರಿದೆವು. ಕಾಯಿಲೆಯವರು ಇರುವ ಮನೆ, ಒಬ್ಬೊಬ್ಬರೇ ವೃದ್ಧರು ಇರುವ ಮನೆ ಎಂದು ಜಗತ್ತಿಗೆಲ್ಲ ಕಾಣುವಂತೆ ಚುಕ್ಕಿ ಇಡುವುದು ಸರಿಯೇ? ಕಳ್ಳನ ಬಳಿಯೂ ಫೋನ್ ಇದೆಯಲ್ಲ. ಕೊನೆಗೆ ಹೀಗೆ ತೀರ್ಮಾನಿಸಿದೆವು: ದಾರಿ, ತಿರುವು, ಸಂಕ, ಊರಿನ ಹೆಸರು, ಇಷ್ಟು ಎಲ್ಲರಿಗೂ ಕಾಣಲಿ. ಮನೆಯ ಗುರುತು ಮನೆಯವರ ಫೋನಿನಲ್ಲೇ ಇರಲಿ, ಕರೆ ಮಾಡಿದಾಗ ಚಾಲಕರಿಗೆ ಅವರೇ ಕಳುಹಿಸಲಿ. ನಮ್ಮ ಕೆಂಪು ಗೆರೆಯನ್ನು ಇತರರಿಗೆ ಕೊಡುವಾಗಲೂ ಮನೆ ಅಂಗಳದ ತುದಿಗಳನ್ನು ಕತ್ತರಿಸಿಯೇ ಕೊಡುತ್ತೇವೆ. ದಾರಿ ದಾಖಲಿಸುವ ಹವ್ಯಾಸವುಳ್ಳ ನಮ್ಮ ಯುವಕರು ಇದನ್ನು ಗಮನಿಸಬೇಕು. ನೀವು ದಿನಾ ಎಲ್ಲಿಂದ ಹೊರಟು ಎಷ್ಟು ಗಂಟೆಗೆ ಎಲ್ಲಿಗೆ ಹೋಗುತ್ತೀರಿ ಎಂಬುದೆಲ್ಲ ಆ ಗೆರೆಯಲ್ಲಿದೆ.

ಅಜ್ಜಿ ಜಗಲಿಯಲ್ಲಿ ಕುಳಿತು ಇದನ್ನೆಲ್ಲ ಕೇಳುತ್ತಿದ್ದರು. ಎಡಗೈಯಲ್ಲಿ ನಮಗೆ ಬಾಳೆಹಣ್ಣು ಕೊಟ್ಟರು. ಮಾತು 'ಬನ್ನಿ'ಯಷ್ಟೇ ಸ್ಪಷ್ಟವಾಯಿತು.

ಬದಿಯಡ್ಕದಿಂದ ಸೀತಾಂಗೋಳಿಯ ಮೇಲೆ ಕುಂಬಳೆಗೆ ಇಳಿಯುವಾಗ ಒಂದು ಮಕ್ಕಳಾಟ ಆಡಿದೆವು. ಈ ದಾರಿ ಎಪ್ಪತ್ತೈದನೇ ರೇಖಾಂಶವನ್ನು ದಾಟುತ್ತದೆ. ಭಾರತದ ಗಡಿಯಾರಕ್ಕೆ ಆಧಾರ ಎಂಬತ್ತೆರಡೂವರೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿಯ ಸೂರ್ಯ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ತಡ. ಬೆಳಗಿನ ಪೂಜೆಗೆ ಐದು ನಿಮಿಷ ತಡವಾಗಿ ಬರುವವರು ಈ ಲೆಕ್ಕವನ್ನು ನಮಗೆ ಹೇಳದಿದ್ದರೆ ಸಾಕು! ಬೈಕ್ ನಿಧಾನ ಮಾಡಿ ಫೋನಿನ ಅಂಕಿ 75.000 ಆಗುವಲ್ಲಿ ನಿಂತೆವು. ಅಲ್ಲಿ ಇದ್ದದ್ದು ಒಂದು ಕರೆಂಟ್ ಕಂಬ. ಹುಡುಗ ಅದನ್ನು ವೃತ್ತಿಪರ ದೃಷ್ಟಿಯಿಂದ ಪರೀಕ್ಷಿಸಿ ತೃಪ್ತನಾಗದೆ ಮುಂದೆ ಹೊರಟ.

ಸಂಜೆ ಲೆಕ್ಕ ನೋಡಿದರೆ ಬೈಕಿನ ಮೀಟರಿನಲ್ಲಿ 121 ಕಿಲೋಮೀಟರ್, ಫೋನಿನಲ್ಲಿ 114. ಬೈಕಿನ ಮೀಟರು ಕೊಂಚ ಹೆಚ್ಚು ಹೇಳುವುದು ಸಾಮಾನ್ಯ. ಫೋನು ತಿರುವುಗಳಲ್ಲಿ ಚುಕ್ಕಿಯಿಂದ ಚುಕ್ಕಿಗೆ ನೇರ ಹಾರಿ ಕೊಂಚ ಕಡಿಮೆ ಹೇಳುತ್ತದೆ. ಸತ್ಯ ನಡುವೆ ಎಲ್ಲೋ ಇದೆ. ಕಂಪ್ಯೂಟರಿನಲ್ಲಿ ಫೈಲು ತೆರೆದಾಗ ಇನ್ನೊಂದು ಆಶ್ಚರ್ಯ: ಬೆಳಿಗ್ಗೆ ಏಳೂವರೆಗೆ ಹೊರಟ ನಾವು ಅದರ ಪ್ರಕಾರ ರಾತ್ರಿ ಎರಡು ಗಂಟೆಗೆ ಹೊರಟಿದ್ದೆವು. ಆ ಫೈಲುಗಳು ಬರೆಯುವುದು ಗ್ರೀನಿಚ್ ಸಮಯವನ್ನು, ನಾವು ಐದೂವರೆ ಗಂಟೆ ಸೇರಿಸಿಕೊಳ್ಳಬೇಕು.

ನಿಜವಾದ ಕಷ್ಟ ಶುರುವಾದದ್ದು ಹೆಸರು ಬರೆಯುವಾಗ. ನಾವು ಆರಿಸಿಕೊಂಡದ್ದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದ್ದು, ಯಾರೂ ತಿದ್ದಬಹುದು, ಯಾರೂ ಬಳಸಬಹುದು. ಬೇರೆ ನಕ್ಷೆಯಿಂದ ನಕಲು ಮಾಡಬಾರದು, ತಾವೇ ಕಂಡು ತಿಳಿದದ್ದನ್ನು ಬರೆಯಬೇಕು. ಒಂದೊಂದು ಊರಿಗೂ ಕನ್ನಡದ ಹೆಸರು, ಮಲಯಾಳದ ಹೆಸರು, ಇಂಗ್ಲಿಷಿನ ಹೆಸರು ಎಂದು ಬೇರೆ ಬೇರೆ ಖಾನೆಗಳಿವೆ. ಸಪ್ತಭಾಷೆಯ ನಾಡಾದ ಕಾಸರಗೋಡಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಬೇಕೆ? ಕನ್ನಡದ ಬದಿಯಡ್ಕ ಮಲಯಾಳದ ಬೋರ್ಡಿನಲ್ಲಿ ಬದಿಯಡುಕ್ಕ. ಧರ್ಮತ್ತಡ್ಕ ಧರ್ಮತ್ತಡುಕ್ಕ. ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆ. ಹೆಸರು ಹೇಳುವವರು ಒಂದು ಬಗೆ ಹೇಳಿ, ಹುಡುಕುವವರು ಇನ್ನೊಂದು ಬಗೆ ಬರೆದರೆ ಫೋನು “ಸಿಗಲಿಲ್ಲ” ಎನ್ನುತ್ತದೆ, ಅಥವಾ ಬೇರೆಲ್ಲೋ ಇರುವ ಅಂಥದ್ದೇ ಹೆಸರಿಗೆ ಕಳುಹಿಸುತ್ತದೆ.

ಊರಿನವರನ್ನು, ಎಲ್ಲ ಜಾತಿ ಧರ್ಮದ ನೆರೆಹೊರೆಯವರನ್ನು, ಸಭಾಭವನಕ್ಕೆ ಕರೆದು ನಕ್ಷೆಯನ್ನು ಗೋಡೆಗೆ ಬೆಳಕಿನಲ್ಲಿ ತೋರಿಸಿದೆವು. ಗಲಾಟೆಯೇ ಆಯಿತು. ಒಬ್ಬರು 2021ರ ಜೂನ್ ತಿಂಗಳನ್ನು ನೆನಪಿಸಿದರು: ಗಡಿನಾಡಿನ ಊರುಗಳ ಹೆಸರನ್ನು ಮಲಯಾಳಕ್ಕೆ ತಿರುಗಿಸುತ್ತಿದ್ದಾರೆಂದು ಸುದ್ದಿ ಹಬ್ಬಿ ಕರ್ನಾಟಕದಲ್ಲಿ ದೊಡ್ಡ ಪ್ರತಿಭಟನೆಯ ಮಾತುಗಳು ಬಂದವು, ಅಂಥ ಯೋಚನೆಯೇ ಇಲ್ಲ ಎಂದು ಕೇರಳ ಸರಕಾರ ಹೇಳಿತು. “ಈಗ ನಾವು ಕನ್ನಡದಲ್ಲೇ ಬರೆಯುವ, ಮಲಯಾಳ ಬೇಡ,” ಎಂದರು ಅವರು. ಪಕ್ಕದಲ್ಲಿದ್ದ ಬ್ಯಾರಿ ಹಿರಿಯರು, “ಆಂಬುಲೆನ್ಸಿನ ಹುಡುಗ ಪಯ್ಯನ್ನೂರಿನವನಾದರೆ ಎಂತ ಮಾಡುವುದು ಭಟ್ರೇ?” ಎಂದು ಕೇಳಿದ್ದೇ ತಡ, ನಗು. ಎರಡೂ ಖಾನೆ ತುಂಬಿಸಿದೆವು. ಆದರೆ ಕನ್ನಡದ ಖಾನೆ ಖಾಲಿ ಇರುವ ಊರುಗಳು ಅದೆಷ್ಟು ಎಂದು ನೋಡಿ ನಮಗೆ ನಾಚಿಕೆಯಾಯಿತು. ಅದನ್ನು ಯಾರೂ ಅಳಿಸಿರಲಿಲ್ಲ, ನಾವೇ ಬರೆದಿರಲಿಲ್ಲ. ಬೋರ್ಡಿಗಾಗಿ ಮನವಿ ಕೊಡಲು ನಮ್ಮಲ್ಲಿ ಉತ್ಸಾಹ ಬಹಳ.

ಎರಡು ಮೂಲೆಗಳ ವಿಷಯ ಕೊನೆಗೆ ಬಂತು. ಒಂದೇ ಹೆಸರು, ನಡುವೆ ತೋಡು. ಅಜ್ಜಿಯ ಮಗ ಎದ್ದು ನಿಂತು, ಹಳಬರು ಒಂದನ್ನು ಮೇಗಿನ ಮೂಲೆ, ಇನ್ನೊಂದನ್ನು ಕೆಳಗಿನ ಮೂಲೆ ಎನ್ನುತ್ತಿದ್ದರು ಎಂದರು. ಯಾವುದು ಮೇಲೆ? ಇಬ್ಬರೂ ತಮ್ಮದೇ ಮೇಲೆ ಎಂದರು! ಹುಡುಗ ಏರಿಳಿತದ ಚಿತ್ರ ತೆಗೆದು ತೋರಿಸಿದ. ಆಚೆಯದು ಹನ್ನೊಂದು ಮೀಟರ್ ಮೇಲೆ. ಹಾಗೆಯೇ ಬರೆದೆವು. ಸಂಕವನ್ನೂ ಹಾಕಿದೆವು, ನಡೆದು ಹೋಗಲು ಮಾತ್ರ, ಮಳೆಗಾಲದಲ್ಲಿ ಮುಳುಗುತ್ತದೆ ಎಂಬ ಟಿಪ್ಪಣಿಯೊಂದಿಗೆ.

ಕ್ರಿಸ್ಮಸ್ ಕಳೆದ ಮೇಲೆ ಅಜ್ಜಿಯನ್ನು ನೋಡಲು ಮತ್ತೆ ಹೋಗಿದ್ದೆವು. ಮಾತು ಈಗ ಸಾಕಷ್ಟು ಮರಳಿದೆ. ಗ್ಯಾಸ್ ಸಿಲಿಂಡರಿನ ಹೊಸ ಹುಡುಗ ಒಂದು ಫೋನನ್ನೂ ಮಾಡದೆ, ಮೇಲಿನ ರಸ್ತೆಯಲ್ಲಿ ಯಾರನ್ನೂ ಕೇಳದೆ ಸೀದಾ ಬಾಗಿಲಿಗೆ ಬಂದನಂತೆ. ಮಗನಿಗೆ ಅದು ದೊಡ್ಡ ಸಂತೋಷ. ಅಜ್ಜಿಗೆ ಅಷ್ಟು ಹಿಡಿಸಿರಲಿಲ್ಲ. “ಹಳೆಯವನಾದರೆ ಸಂಕದ ಹತ್ತಿರ ನಿಂತು ಕೂಗುತ್ತಿದ್ದ,” ಎಂದರು ನಿಧಾನವಾಗಿ, “ನಾನು ಚಹಾಕ್ಕೆ ನೀರಿಡುವಷ್ಟು ಹೊತ್ತಾದರೂ ಸಿಗುತ್ತಿತ್ತು.”